ಹೆಲ್ವಿ ಹೊದಿಸಿದ ಸಾಲು

ಹೆಲ್ವಿಯ ಅಂತ್ಯಕ್ರಿಯೆ ಮುಗಿದು ಎಲ್ಲರೂ ಚರ್ಚಿನ ಪಕ್ಕದ ಕೊಠಡಿಯಲ್ಲಿ ಕಾಫಿಗೆ ಕೂತಿದ್ದಾಗ, ಅವಳು ಕೆಲಸ ಮಾಡಿದ ಸಂಶೋಧನಾ ಕೇಂದ್ರದ ಎಸ್ಕಿಲ್ ಎದ್ದು ನಿಂತು ಬೆಡ್‌ಶೀಟುಗಳ ಕಥೆ ಹೇಳಿದ. ಚೆನ್ನಾಗಿಯೇ ಹೇಳಿದ. ಹೆಲ್ವಿ ಆಲೂಗಡ್ಡೆ ಗಿಡಕ್ಕೆ ಹೊದಿಸುವ ಹಾಗೆ ಸಂಶೋಧನೆಯ ಮರಗಳಿಗೆ ಬೆಡ್‌ಶೀಟು ಹೊದಿಸಿದ್ದು, ಅವುಗಳಲ್ಲಿ ಒಂದರ ಮೇಲೆ ಬಾತುಕೋಳಿಗಳ ಚಿತ್ರವಿದ್ದದ್ದು, ಆ ತಪ್ಪಿನಿಂದಲೇ ತನ್ನ ಗುಂಪಿಗೆ ಒಂದು ಒಳ್ಳೆಯ ಫಲಿತಾಂಶ ಸಿಕ್ಕಿದ್ದು. ಎಲ್ಲರೂ ನಕ್ಕರು. ದುಃಖದ ನಡುವೆ ನಗಲು ಒಂದು ನೆಪ ಸಿಕ್ಕಿತೆಂದು ಅವರಿಗೆ ಸಮಾಧಾನವೂ ಆಗಿತ್ತು. ನನಗೆ ನಗು ಬರಲಿಲ್ಲ. ಅಲ್ಲಿ ಎದ್ದು ಬೇರೆ ಮಾತಾಡುವ ಧೈರ್ಯವೂ ಇರಲಿಲ್ಲ. ನಮ್ಮ ಕಡೆಯ ರೂಢಿಯಂತೆ ಕಾಫಿಯೊಳಗೆ ಹಾಕಿದ್ದ ಚೀಸಿನ ತುಂಡನ್ನು ಚಮಚದಲ್ಲಿ ಒತ್ತುತ್ತ ಕೂತೆ.

ಹೆಲ್ವಿ ಲಾಂಟೊ ಮತ್ತು ನಾನು ದೇಶದ ಚಳಿಯ ಉತ್ತರಭಾಗದ ಉಮಿಯೋ ಊರಿನಲ್ಲಿ ಒಂದೇ ಕಟ್ಟಡದ ಒಂದೇ ಮಹಡಿಯಲ್ಲಿ ಎದುರುಬದುರು ಬಾಗಿಲಲ್ಲಿ ಬಾಳಿದವರು. ನಾನು ಪುಸ್ತಕಗಳ ನಡುವೆ ಕೆಲಸ ಮಾಡಿದೆ, ಅವಳು ಗಿಡಗಳ ನಡುವೆ. ಉತ್ತರದ ಗಡಿಯ ಹಳ್ಳಿಯಿಂದ ಹುಡುಗಿಯಾಗಿದ್ದಾಗಲೇ ಬಂದು, ಊರ ಹೊರಗಿನ ಅರಣ್ಯ ಸಂಶೋಧನಾ ಕೇಂದ್ರದ ಗಾಜಿನ ಮನೆಯಲ್ಲಿ ತೋಟಗಾರ್ತಿಯಾಗಿ ಸೇರಿದ್ದಳು. ಅಗಲ ಭುಜ, ನಿಧಾನ ನಡಿಗೆ. ನಮ್ಮ ಕಡೆಯವರ ಹಾಗೆ ಅವಳೂ ಹೌದು ಎನ್ನಲು ಬಾಯಿ ತೆರೆಯುತ್ತಿರಲಿಲ್ಲ, ಚುರ್ರೆಂದು ಉಸಿರು ಒಳಗೆಳೆದುಕೊಳ್ಳುತ್ತಿದ್ದಳು. ದಕ್ಷಿಣದಿಂದ ಬಂದ ಒಬ್ಬ ಸಂಶೋಧಕ ಮೊದಲ ವಾರ ಅವಳಿಗೆ ಉಬ್ಬಸವಿದೆ ಎಂದುಕೊಂಡು ಕುರ್ಚಿ ತಂದುಕೊಟ್ಟನಂತೆ. "ಕೂತ್ಕೊಂಡೆ ಕಣೇ. ಇಷ್ಟು ವರ್ಷದಲ್ಲಿ ನನಗೆ ಅಲ್ಲಿ ಕುರ್ಚಿ ಕೊಟ್ಟವನು ಅವನೊಬ್ಬನೇ," ಎಂದಿದ್ದಳು.

ಅವಳ ಮುಖ್ಯ ಕೆಲಸ ಬಾಟಲಿಯ ಸಸಿಗಳನ್ನು ಮಣ್ಣಿಗೆ ಒಗ್ಗಿಸುವುದು. ನಮ್ಮ ಕಾಡುಗಳಲ್ಲಿ ಬೆಳೆಯುವ ಆಸ್ಪೆನ್ ಮರದ ಎಲೆಯ ಚೂರಿನಿಂದ ಪ್ರಯೋಗಾಲಯದವರು ಗಾಜಿನ ಬಾಟಲಿಯಲ್ಲಿ ಸಸಿ ಎಬ್ಬಿಸುತ್ತಾರೆ. ಆ ಸಸಿ ಹುಟ್ಟಿದ್ದು ಬೆಳೆದದ್ದು ಎಲ್ಲ ಆವಿ ತುಂಬಿದ ಬಾಟಲಿಯೊಳಗೆ. ಎಲೆಯ ರಂಧ್ರ ಮುಚ್ಚುವುದು ಅದಕ್ಕೆ ಗೊತ್ತಿಲ್ಲ, ಮುಚ್ಚುವ ಅಗತ್ಯವೇ ಬಿದ್ದಿಲ್ಲ. ಹೊರಗೆ ತೆಗೆದು ಹಾಗೇ ಬಿಟ್ಟರೆ ಮಧ್ಯಾಹ್ನದೊಳಗೆ ನೀರೆಲ್ಲ ಕಳೆದುಕೊಂಡು ಜೋತುಬೀಳುತ್ತದೆ. ಹೆಲ್ವಿ ಅದರ ಬೇರು ತೊಳೆದು, ಕುಂಡದಲ್ಲಿ ನೆಟ್ಟು, ಮೇಲೆ ಪ್ಲಾಸ್ಟಿಕ್ ಲೋಟ ಬೋರಲು ಹಾಕುತ್ತಿದ್ದಳು. ಮಾರನೆಯ ದಿನ ಲೋಟದ ಅಂಚಿಗೆ ಒಂದು ಕಡ್ಡಿ. ಆಮೇಲೆ ಇನ್ನೂ ದಪ್ಪದ ಕಡ್ಡಿ. ಹೀಗೆ ಒಳಗೆ ಒಣಗಾಳಿ ಸ್ವಲ್ಪ ಸ್ವಲ್ಪವೇ ನುಸುಳಿ, ಸಸಿ ರಂಧ್ರ ಮುಚ್ಚುವುದನ್ನು ಕಲಿತ ಮೇಲೆ ಲೋಟ ತೆಗೆಯುತ್ತಿದ್ದಳು. ಇಡೀ ಬದುಕು ಅವಳು ಮಾಡಿದ್ದು ಇದನ್ನೇ: ಮುಚ್ಚುವುದು, ತೆರೆಯುವುದು, ಯಾವಾಗ ಎಷ್ಟು ಎಂದು ನೋಡುವುದು.

ಎಸ್ಕಿಲ್‌ನ ಹೊಸ ಆಸ್ಪೆನ್‌ಗಳು ಬಂದಾಗ ಅವಳು ನಿವೃತ್ತಿಯ ಹತ್ತಿರದಲ್ಲಿದ್ದಳು. ಎಸ್ಕಿಲ್ ಅಲ್ಲಿನ ಒಂದು ಗುಂಪಿನ ಮುಖ್ಯಸ್ಥ, ಒಳ್ಳೆಯವನು, ಸದಾ ಅವಸರದವನು. ನಮ್ಮ ಮರಗಳು ಚಳಿಗಾಲ ಬರುವುದನ್ನು ರಾತ್ರಿಯ ಉದ್ದದಿಂದ ತಿಳಿಯುತ್ತವೆ. ಆಗಸ್ಟಿನಲ್ಲಿ ಕತ್ತಲೆ ಒಂದು ಅಳತೆಗಿಂತ ಉದ್ದವಾಯಿತೋ, ಹೊರಗೆ ಇನ್ನೂ ಬೆಚ್ಚಗಿದ್ದರೂ ಬೆಳೆಯುವುದನ್ನು ನಿಲ್ಲಿಸಿ ತುದಿಯಲ್ಲಿ ಮೊಗ್ಗು ಕಟ್ಟುತ್ತವೆ, ಜೀವಕೋಶಗಳಲ್ಲಿ ನೀರು ಇಳಿಸಿ ಸಕ್ಕರೆ ಏರಿಸಿಕೊಳ್ಳುತ್ತವೆ. ಎಸ್ಕಿಲ್ ತನ್ನ ಮರಗಳಿಗೆ ಓಟ್ಸ್ ಗಿಡದ ಒಂದು ಜೀನ್ ಸೇರಿಸಿದ್ದ, ಬೆಳಕನ್ನು ಗುರುತಿಸುವ ಜೀನ್. ಅದು ಅತಿಯಾಗಿ ಕೆಲಸ ಮಾಡುವುದರಿಂದ ಆ ಮರಗಳಿಗೆ ಕತ್ತಲೆಯ ಅಳತೆ ಸಿಗುವುದಿಲ್ಲ. ಯಾವಾಗಲೂ ಬೇಸಿಗೆಯೇ ಎಂದುಕೊಂಡು ಬೆಳೆಯುತ್ತಲೇ ಇರುತ್ತವೆ.

ಗಾಜಿನ ಮನೆಯಲ್ಲಿ ಅವು ರಾಜರಂತಿದ್ದವು. ಒಂದೇ ಹದದ ಶಾಖ, ಹೊತ್ತಿಗೆ ಸರಿಯಾಗಿ ನೀರು ಗೊಬ್ಬರ, ಗಾಳಿಯ ಕಾಟವಿಲ್ಲ. ಎಲೆಗಳು ಊಟದ ತಟ್ಟೆಯಷ್ಟಗಲ. ದೀಪದ ಅವಧಿ ಕಡಿಮೆ ಮಾಡಿದಾಗ ಪಕ್ಕದ ಮೇಜಿನ ಸಾಮಾನ್ಯ ಆಸ್ಪೆನ್‌ಗಳು ಮೊಗ್ಗು ಕಟ್ಟಿ ಸುಮ್ಮನಾದವು. ಇವು ನಿಲ್ಲಲೇ ಇಲ್ಲ.

"ಏನು ಹೆಲ್ವಿ, ನಿನ್ನ ಮಕ್ಕಳು ಛಾವಣಿ ಒಡೀತಾರಂತಲ್ಲ," ಎಂದು ಕಾಫಿಯ ಹೊತ್ತಿನಲ್ಲಿ ಯಾರೋ ಕೆಣಕಿದ್ದರಂತೆ.

"ಒಡೀಲಿ ಬಿಡು. ಮೇಲಿಂದ ಸೋರೋದು ನಿನ್ನ ಮೇಜಿನ ಮೇಲೆ."

ಮನೆಗೆ ಬಂದು ಇದನ್ನೆಲ್ಲ ನನಗೆ ಹೇಳುವಾಗ ಅವಳ ಮುಖದಲ್ಲಿ ಹೆಮ್ಮೆ ಇತ್ತು. ಅವಳಿಗೆ ಮಕ್ಕಳಿರಲಿಲ್ಲ, ಅದಕ್ಕೇ ಮರಗಳನ್ನು ಹಚ್ಚಿಕೊಂಡಳು ಎಂದು ಅಂತ್ಯಕ್ರಿಯೆಯಲ್ಲಿ ಪಾದ್ರಿ ಹೇಳಿದರು. ಹಾಗೇನಿಲ್ಲ. ಮಕ್ಕಳಿದ್ದರೂ ಹಚ್ಚಿಕೊಳ್ಳುತ್ತಿದ್ದಳು.

ಜೂನಿನಲ್ಲಿ ಆ ಮರಗಳನ್ನು ಹೊರಗೆ ಹೊಲದಲ್ಲಿ ನೆಡಲು ಸರ್ಕಾರದ ಅನುಮತಿ ಸಿಕ್ಕಿತು. ಸುತ್ತ ಎತ್ತರದ ಬೇಲಿ, ಗೇಟಿನಲ್ಲಿ ಬೂಟು ತೊಳೆಯುವ ತೊಟ್ಟಿ, ಹೊರಗಿನವರಿಗೆ ಪ್ರವೇಶವಿಲ್ಲ. ಸೇರಿಸಿದ ಜೀನ್ ಹೊರಗಿನ ಕಾಡಿಗೆ ಹರಡದಂತೆ ಹೂಬಿಡುವ ಮೊದಲೇ ಕಡಿಯಬೇಕು, ಒಂದು ಕಡ್ಡಿಯೂ ಹೊರಗೆ ಹೋಗಬಾರದು. ಇನ್ನೊಂದು ನಿಯಮ ಎಸ್ಕಿಲ್‌ನದು: ನೆಟ್ಟು ಬೇರು ಹಿಡಿದ ಮೇಲೆ ಏನೂ ಮಾಡಬಾರದು. ನೀರಿಲ್ಲ, ಗೊಬ್ಬರವಿಲ್ಲ, ಆರೈಕೆಯಿಲ್ಲ. ಹೊರಗಿನ ಪ್ರಪಂಚ ಅವನ್ನು ಏನು ಮಾಡುತ್ತದೋ ನೋಡುವುದೇ ಪ್ರಯೋಗ.

"ನೋಡೋದು ಅಷ್ಟೇ ನನ್ನ ಕೆಲಸ ಈಗ," ಎಂದಳು ಹೆಲ್ವಿ. "ದನ ಕಾಯೋನಿಗೆ ಕಣ್ಣು ಕೊಟ್ಟು ಕೈ ಕಟ್ಟಿದ ಹಾಗಾಯ್ತು."

ಹೊಲದಲ್ಲಿ ಅವು ಬೇರೆಯೇ ಮರಗಳಾದವು. ಎಲೆ ಅಂಗೈಯಷ್ಟಕ್ಕೆ ಕುಗ್ಗಿ ದಪ್ಪಗಾಯಿತು, ತೊಟ್ಟು ಕೆಂಪಾಯಿತು, ಗಾಳಿಗೆ ಕಾಂಡ ಗಿಡ್ಡವಾಗಿ ಗಟ್ಟಿಯಾಯಿತು. ಹುಳ ತಿಂದವು. ಆದರೂ ಅವು ಹೆಲ್ವಿಯ ಎದೆಯೆತ್ತರಕ್ಕೆ ಬಂದವು. ಆಗಸ್ಟಿನ ಕೊನೆಗೆ ಬೇಲಿಯಾಚೆಯ ಕಾಡಿನ ಆಸ್ಪೆನ್‌ಗಳ ತುದಿಯಲ್ಲಿ ಕಂದು ಮೊಗ್ಗು ಬಿಗಿದು ಕೂತಿತ್ತು. ಒಳಗಿನವುಗಳ ತುದಿಯಲ್ಲಿ ಹಾಲುಬಣ್ಣದ ಎಳೆ ಚಿಗುರು.

ಬೇಸಿಗೆಯ ಕೊನೆಯಲ್ಲಿ ಬರುವ ಹಿಮದ ರಾತ್ರಿಗಳಿಗೆ ನಮ್ಮಲ್ಲಿ ಕಬ್ಬಿಣದ ರಾತ್ರಿಗಳು ಎನ್ನುತ್ತಾರೆ. ಆಕಾಶ ತಿಳಿಯಾಗಿ, ಗಾಳಿ ನಿಂತು, ನೆಲದ ಶಾಖವೆಲ್ಲ ಮೇಲಕ್ಕೆ ಹೋಗಿಬಿಡುತ್ತದೆ. ರೇಡಿಯೋದಲ್ಲಿ ಎಚ್ಚರಿಕೆ ಬಂದ ಸಂಜೆ ಇಡೀ ಊರು ಹಳೆಯ ಬೆಡ್‌ಶೀಟು, ಪರದೆ, ಮೇಜುಬಟ್ಟೆ ಹಿಡಿದು ಹೊರಗೆ ಬರುತ್ತದೆ. ಆಲೂಗಡ್ಡೆ ಪಾತಿಗೆ, ಡೇಲಿಯಾ ಗಿಡಕ್ಕೆ ಹೊದಿಸುತ್ತಾರೆ. ಒಂದೆರಡು ಡಿಗ್ರಿ ಉಳಿದರೆ ಗಿಡ ಉಳಿಯುತ್ತದೆ. ಇದನ್ನು ಯಾರೂ ಯೋಚಿಸಿ ಮಾಡುವುದಿಲ್ಲ. ಮಳೆ ಬಂದರೆ ಒಣಗಿದ ಬಟ್ಟೆ ತೆಗೆಯಲು ಓಡುವ ಹಾಗೆ ಕೈಕಾಲು ತಾವೇ ಹೊರಡುತ್ತವೆ.

ಆ ಸಂಜೆ ಅವಳು ನನ್ನ ಬಾಗಿಲು ತಟ್ಟಿದಳು.

"ಮಾರ್ಗಿಟ್, ಹಳೇ ಬೆಡ್‌ಶೀಟ್ ಇದ್ರೆ ಕೊಡು. ಎಷ್ಟಿದ್ರೆ ಅಷ್ಟು."

"ನಿನ್ನದೇ ಒಂದು ಬೀರು ತುಂಬ ಇದೆಯಲ್ಲೇ."

"ಸಾಲದು."

"ಅಂಗಳದಲ್ಲಿರೋದು ನಾಲ್ಕು ಆಲೂಗಡ್ಡೆ ಗಿಡ. ಅರಮನೆ ಕಟ್ತೀಯಾ ಅವಕ್ಕೆ?"

ಅವಳು ಚುರ್ರೆಂದು ಉಸಿರೆಳೆದುಕೊಂಡಳು. ನಾನು ಕೊಟ್ಟೆ. ಬಾತುಕೋಳಿಯ ಚಿತ್ರದ್ದು ನನ್ನದೇ.

ಗೇಟಿನ ಬೀಗದ ಕೈ ಅವಳ ಬಳಿ ಇತ್ತು. ಎಲ್ಲ ಮರಗಳಿಗೂ ಸಾಲುವಷ್ಟು ಬಟ್ಟೆ ಇರಲಿಲ್ಲವಾದ್ದರಿಂದ ಗೇಟಿಗೆ ಹತ್ತಿರದ ಸಾಲಿಗೆ ಹೊದಿಸಿದಳು. ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಹೋಗಿ ತೆಗೆದಳು. ಹೊದಿಸದ ಸಾಲುಗಳಲ್ಲಿ ಎಳೆ ತುದಿಗಳು ಕಪ್ಪಾಗಿದ್ದವು. ಹೊದಿಸಿದವು ಹಸಿರಾಗಿಯೇ ಇದ್ದವು. ಅದನ್ನು ಕಂಡ ಮೇಲೆ ಅವಳಿಗೆ ನಿಲ್ಲಿಸಲು ಆಗಲಿಲ್ಲ. ಸೆಪ್ಟೆಂಬರ್ ಪೂರ್ತಿ ಚಳಿಯೆನಿಸಿದ ಸಂಜೆಯೆಲ್ಲ ಹೋಗಿ ಬಂದಳು. ಒಮ್ಮೆ ನಾನು ಆ ದಾರಿಯಲ್ಲಿ ನಡೆದು ಹೋಗುವಾಗ ಬೇಲಿಯೊಳಗೆ ಮಬ್ಬಿನಲ್ಲಿ ಬಿಳಿಯ ಸಾಲು ಕಂಡಿತು. ಆಗ ಗೊತ್ತಾಯಿತು ನನ್ನ ಬೆಡ್‌ಶೀಟು ಎಲ್ಲಿದೆಯೆಂದು.

"ಎಸ್ಕಿಲ್‌ಗೆ ಗೊತ್ತಾ?" ಎಂದು ಕೇಳಿದೆ.

"ಅವನು ಯಾವತ್ತಾದ್ರೂ ಒಂಬತ್ತಕ್ಕಿಂತ ಮೊದಲು ಎದ್ದಿದ್ದುಂಟಾ?" ಎಂದಳು. ಆಮೇಲೆ ಗಂಭೀರವಾಗಿ ಹೇಳಿದಳು, "ಅವಕ್ಕೆ ಚಳಿಗಾಲ ಬರ್ತಿದೆ ಅಂತ ಗೊತ್ತಿಲ್ಲ ಕಣೇ. ಗೊತ್ತಾಗದ ಹಾಗೆ ಮಾಡಿದವರು ನಾವು. ಕಣ್ಣು ಕಟ್ಟಿ ರಸ್ತೆಗೆ ಬಿಟ್ಟು, ಬೇಲಿಯಾಚೆ ನಿಂತು ಬರ್ಕೊಳ್ತಾ ಕೂರೋಕೆ ನನ್ನ ಕೈಲಾಗಲ್ಲ."

ಅಕ್ಟೋಬರಿನಲ್ಲಿ ನಿಜವಾದ ಚಳಿ ಇಳಿಯಿತು. ಅದಕ್ಕೆ ಬೆಡ್‌ಶೀಟು ಯಾವ ಲೆಕ್ಕವೂ ಅಲ್ಲ. ಆಮೇಲೆ ಹಿಮ ಬಿದ್ದು ಹೊಲ ಮುಚ್ಚಿಹೋಯಿತು. ಅವಳು ಚಳಿಗಾಲವೆಲ್ಲ ಕಾದಳು. ಬದುಕಿರಬಹುದು ಎನ್ನುತ್ತಿದ್ದಳು. ಹೊದಿಸಿದ ಸಾಲಾದರೂ.

ಮೇ ತಿಂಗಳಲ್ಲಿ ಹಿಮ ಕರಗಿದ ಮೇಲೆ ಅವಳೂ ಎಸ್ಕಿಲ್ಲೂ ಸಾಲು ಸಾಲಾಗಿ ಹೋಗಿ ಉಗುರಿನಿಂದ ತೊಗಟೆ ಕೆರೆದು ನೋಡಿದರು. ಒಳಗೆ ಹಸಿರಿದ್ದರೆ ಜೀವವಿದೆ, ಕಂದಾಗಿದ್ದರೆ ಇಲ್ಲ. ಹೊದಿಸದ ಸಾಲುಗಳಲ್ಲಿ ಮೇಲಿನ ಭಾಗ ಸತ್ತಿತ್ತು, ಆದರೆ ಮಂಡಿಯೆತ್ತರದಿಂದ ಕೆಳಗೆ ಬಹಳಷ್ಟು ಮರಗಳು ಹಸಿರು. ಗೇಟಿನ ಪಕ್ಕದ ಸಾಲಿನಲ್ಲಿ ಮೊದಲ ಮರ ಕಂದು. ಎರಡನೆಯದು ಕಂದು. ಅವಳು ಬಗ್ಗಿ ಬುಡದವರೆಗೂ ಕೆರೆದಳಂತೆ. ಸಾಲಿನ ಕೊನೆಯವರೆಗೂ ಒಂದರಲ್ಲಿಯೂ ಹಸಿರಿರಲಿಲ್ಲ.

ಎಸ್ಕಿಲ್‌ಗೆ ತಲೆಬುಡ ತಿಳಿಯಲಿಲ್ಲ. ಒಂದೇ ತಳಿ, ಒಂದೇ ಮಣ್ಣು, ಒಂದೇ ದಿನ ನೆಟ್ಟದ್ದು. ಗೇಟಿನ ಕಡೆ ನೀರು ನಿಲ್ಲುತ್ತದೇನೋ, ಮಣ್ಣಿನಲ್ಲಿ ಶಿಲೀಂಧ್ರವೇನೋ ಎಂದು ಮಣ್ಣು ಪರೀಕ್ಷೆಗೆ ಕಳಿಸಲು ಹೊರಟ. ಕಾಫಿಯ ಹೊತ್ತಿನಲ್ಲಿ ಎಲ್ಲರ ಮುಂದೆ ಹೆಲ್ವಿ ಹೇಳಿಬಿಟ್ಟಳು.

"ಮಣ್ಣು ಕಳಿಸಬೇಡ. ಆ ಸಾಲಿಗೆ ನಾನು ಹೊದಿಸಿದ್ದೆ."

"ಏನು ಹೊದಿಸಿದ್ದೆ?"

"ಬೆಡ್‌ಶೀಟು. ಸೆಪ್ಟೆಂಬರ್ ಪೂರ್ತಿ."

ಎಸ್ಕಿಲ್ ಮುಖ ಕೆಂಪು ಮಾಡಿಕೊಂಡು ಎದ್ದು ಹೋದನಂತೆ. ಅವನ ಲೋಟದಲ್ಲಿ ಕಾಫಿ ಹಾಗೇ ಉಳಿದಿತ್ತು. ಮಧ್ಯಾಹ್ನ ಗಾಜಿನ ಮನೆಗೆ ಬಂದಾಗ ಅವನ ಕೋಪ ಹೋಗಿತ್ತು, ಕಣ್ಣು ಹೊಳೆಯುತ್ತಿತ್ತು. ಅದೇ ಹೆಚ್ಚು ನೋವಾಯಿತು ಎಂದಳು ಹೆಲ್ವಿ.

"ನಿನಗೆ ಅರ್ಥ ಆಯ್ತಾ ನೀನು ಏನು ಮಾಡಿದೀಯ ಅಂತ?" ಎಂದನಂತೆ. "ಕತ್ತಲೆ ಅವಕ್ಕೆ ಕಾಣ್ಸಲ್ಲ, ಸರಿ. ಆದ್ರೆ ಚಳಿ ತಿಳಿಯುತ್ತೆ! ಸೆಪ್ಟೆಂಬರಿನ ಸಣ್ಣ ಚಳಿ ದಿನಾ ಸ್ವಲ್ಪ ಸ್ವಲ್ಪ ತಾಗಿ, ತಡವಾಗಿಯಾದ್ರೂ ಅಷ್ಟಿಷ್ಟು ಗಟ್ಟಿಯಾಗಿವೆ. ನೀನು ಹೊದಿಸಿದವಕ್ಕೆ ಅದೂ ತಾಗಲಿಲ್ಲ. ಬೆಚ್ಚಗೆ ಎಳೆದಾಗಿಯೇ ಇದ್ದವು, ಅಕ್ಟೋಬರ್ ಬಂತು, ಮುಗೀತು. ಹೆಲ್ವಿ, ಇದನ್ನ ನಾವು ಯಾರೂ ಯೋಚಿಸಿರಲಿಲ್ಲ."

"ಹಾಗಾದ್ರೆ ಸಾಯಿಸಿದ್ದು ನಾನೇ."

"ಇಲ್ಲ ಇಲ್ಲ, ಹಾಗಲ್ಲ. ನೀನು ನಮಗೆ ಒಂದು ದಾರಿ ತೋರಿಸಿದೀಯ."

ಅವನು ಅದನ್ನೇ ಶೀತಲ ಕೋಣೆಗಳಲ್ಲಿ ಮತ್ತೆ ಮಾಡಿ ನೋಡಿದ. ಸರಿಯಾಗಿತ್ತು. ಬರೆದ ಪ್ರಬಂಧದ ಕರಡಿನ ಕೊನೆಯಲ್ಲಿ ಅವಳಿಗೆ ಕೃತಜ್ಞತೆ ಹೇಳಿದ. ಅದರ ಒಂದು ಪ್ರತಿಯನ್ನು ಕಾಫಿ ಕೋಣೆಯ ಗೋಡೆಗೆ ಅಂಟಿಸಿದರು. ಹೆಲ್ವಿ ಅದಕ್ಕೆ ಬೆನ್ನು ಮಾಡಿ ಕೂರುವ ಜಾಗ ಆರಿಸಿಕೊಂಡಳು. ಸತ್ತ ಸಾಲನ್ನು ನಿಯಮದಂತೆ ಬುಡಸಮೇತ ಅಗೆದು ಸುಡಬೇಕಿತ್ತು. ಬೇರೆಯವರು ಮಾಡುತ್ತೇವೆಂದರೂ ಬಿಡದೆ ತಾನೇ ಅಗೆದಳು.

ನಾನು ಏನೇನೋ ಹೇಳಿ ನೋಡಿದೆ. ಗೊತ್ತಿಲ್ಲದೆ ಆದದ್ದು ಎಂದೆ. ಯಾರಾದರೂ ಹಾಗೇ ಮಾಡುತ್ತಿದ್ದರು ಎಂದೆ. ಓದಿದವರ ಸಮಾಧಾನದ ಮಾತುಗಳು ನನ್ನ ಬಳಿ ಬೇಕಾದಷ್ಟಿವೆ, ಒಂದೂ ಕೆಲಸಕ್ಕೆ ಬರಲಿಲ್ಲ.

"ಗೊತ್ತಿಲ್ಲದೆ ಅಲ್ಲ, ಮಾರ್ಗಿಟ್," ಎಂದಳು. "ಲೋಟದಡಿ ಇಟ್ಟ ಸಸಿನ ಯಾವತ್ತಾದ್ರೂ ನಾನು ಕಡ್ಡಿ ಇಡದೆ ಬಿಟ್ಟಿದೀನಾ? ದಿನಾ ಅಷ್ಟಷ್ಟು ಗಾಳಿ ತಾಗಿಸ್ತೀನಿ. ಹೊಲದಲ್ಲಿ ಅದೇ ಮರ್ತುಬಿಟ್ಟೆ. ಪೂರ್ತಿ ಮುಚ್ಚಿದೆ."

ಅದೇ ಬೇಸಿಗೆಯಲ್ಲಿ ಉಳಿದ ಸಾಲುಗಳು ಬುಡದಿಂದ ಚಿಗುರಿ ಮತ್ತೆ ಎದ್ದವು. ಹೆಲ್ವಿ ಅವುಗಳ ಬಳಿ ಅಗತ್ಯಕ್ಕಿಂತ ಹೆಚ್ಚು ನಿಲ್ಲುತ್ತಿರಲಿಲ್ಲ. ಅಳತೆ ತೆಗೆದುಕೊಂಡು ಬಂದುಬಿಡುತ್ತಿದ್ದಳು. ಆ ವರ್ಷ ಸೆಪ್ಟೆಂಬರ್ ವಿಚಿತ್ರವಾಗಿ ಬೆಚ್ಚಗಿತ್ತು. ಜನ ನದಿಯ ದಂಡೆಯಲ್ಲಿ ತೋಳಿಲ್ಲದ ಅಂಗಿ ಹಾಕಿಕೊಂಡು ಐಸ್‌ಕ್ರೀಂ ತಿನ್ನುತ್ತಿದ್ದರು. ಸಣ್ಣ ಚಳಿಯ ಸಂಜೆಗಳು ಬರಲೇ ಇಲ್ಲ.

ತಿಂಗಳ ಕೊನೆಯ ಒಂದು ಸಂಜೆ ನಾವಿಬ್ಬರೂ ಅವಳ ಅಡುಗೆಮನೆಯಲ್ಲಿ ಕಾಡಿನಿಂದ ತಂದ ಲಿಂಗೊನ್ ಹಣ್ಣು ಆರಿಸುತ್ತಿದ್ದೆವು. ರೇಡಿಯೋದವನು ಎಚ್ಚರಿಕೆ ಓದಿದ. ಕಬ್ಬಿಣದ ರಾತ್ರಿಯಲ್ಲ, ಅದಕ್ಕಿಂತ ಬಹಳ ಕೆಳಗಿಳಿಯುವ ಚಳಿ. ಉತ್ತರದಿಂದ ಒಮ್ಮೆಲೇ ಬರುತ್ತಿದೆ ಎಂದ. ಹೆಲ್ವಿಯ ಕೈ ಬುಟ್ಟಿಯೊಳಗೇ ನಿಂತಿತು.

"ಹೋದ್ ವರ್ಷ ಅವಕ್ಕೆ ಕಲಿಯೋಕೆ ಒಂದು ತಿಂಗಳಿತ್ತು," ಎಂದಳು. "ಈ ವರ್ಷ ಏನೂ ಇಲ್ಲ. ಜುಲೈನಲ್ಲಿ ಇದ್ದ ಹಾಗೇ ಇವೆ ಅವು."

"ಎಸ್ಕಿಲ್‌ನ ಕೇಳು."

ಫೋನು ಮಾಡಿದಳು. ಅವನ ಮಾತು ನನಗೂ ಕೇಳಿಸುತ್ತಿತ್ತು. "ಮುಟ್ಟಬೇಡ ಹೆಲ್ವಿ, ದಯವಿಟ್ಟು. ಈ ಸಲ ಏನೂ ಮಾಡದೇ ಇರೋದೇ ಮುಖ್ಯ. ಹೋದ ಸಲದ್ದು ನೆನಪಿದೆಯಲ್ಲ?"

"ನೆನಪಿದೆ," ಎಂದು ಫೋನಿಟ್ಟಳು.

ಒಂದಷ್ಟು ಹೊತ್ತು ಇಬ್ಬರೂ ಎಲೆ ಕಡ್ಡಿ ಆರಿಸಿದೆವು. ಅವಳು ಎದ್ದು ಕಿಟಕಿಯ ಬಳಿ ಹೋದಳು, ಬಂದು ಕೂತಳು. ಮತ್ತೆ ಎದ್ದಳು.

"ಹೊದಿಸಿದ್ರೆ ಇದೊಂದು ಸಲ ಪಾರಾಗಬಹುದು. ಆಮೇಲೆ ಅಕ್ಟೋಬರಿನಲ್ಲಿ ಸಾಯ್ತವೆ. ಹೊದಿಸದಿದ್ರೆ ಇವತ್ತೇ. ಅಥವಾ ಹೊದಿಸಿ, ಆಮೇಲೆ ಸ್ವಲ್ಪ ಸ್ವಲ್ಪ ತೆಗೆದ್ರೆ... ಯಾರಿಗೆ ಗೊತ್ತು? ನೀನು ಇಷ್ಟೊಂದು ಓದಿದೀಯಲ್ಲ, ಹೇಳು. ನಾನೇನು ಮಾಡ್ಲಿ?"

"ನನಗೆ ಗೊತ್ತಿಲ್ಲ ಹೆಲ್ವಿ."

"ಅಷ್ಟು ಬೇಗ ಹೇಳಿಬಿಟ್ಟೆಯಲ್ಲ," ಎಂದು ನಕ್ಕಳು. ನಗು ಅರ್ಧಕ್ಕೇ ನಿಂತಿತು. ಕೂತು ಹಣ್ಣಿನ ಬುಟ್ಟಿ ತನ್ನ ಕಡೆ ಎಳೆದುಕೊಂಡಳು. ಅವಳು ಹೋಗಲಿಲ್ಲ. ಹೋಗದಿರಲು ಅವಳಿಗೆ ಎಷ್ಟು ಬಲ ಬೇಕಾಯಿತು ಎಂಬುದನ್ನು ಕಂಡವಳು ನಾನೊಬ್ಬಳೇ. ಹಣ್ಣು ಮುಗಿದ ಮೇಲೂ ಅವಳ ಬೆರಳು ಮೇಜಿನ ಮೇಲೆ ಏನನ್ನೋ ಆರಿಸುತ್ತಲೇ ಇತ್ತು.

ಬೆಳಿಗ್ಗೆ ಮರಗಳ ಎಲೆಗಳೆಲ್ಲ ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಾಗಿ ಜೋತುಬಿದ್ದಿದ್ದವು. ಒಂದು ಸಾಲೂ ಉಳಿದಿರಲಿಲ್ಲ. ಬುಡದಲ್ಲಿ ಜೀವವಿದೆಯೋ ಇಲ್ಲವೋ ವಸಂತಕ್ಕೇ ತಿಳಿಯಬೇಕು ಎಂದ ಎಸ್ಕಿಲ್. ಹೆಲ್ವಿ ಡಿಸೆಂಬರಿನಲ್ಲಿ ನಿವೃತ್ತಳಾದಳು. ಫೆಬ್ರವರಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಎದೆ ಹಿಡಿದುಕೊಂಡು ಬೆಂಚಿನ ಮೇಲೆ ಕೂತವಳು ಏಳಲಿಲ್ಲ. ಸುದ್ದಿ ಬಂದಾಗ ನಾನು ಅವಳಿಗೂ ಸೇರಿಸಿ ಪಾಲ್ಟ್ ಬೇಯಿಸುತ್ತಿದ್ದೆ. ಆ ಹಿಟ್ಟಿನುಂಡೆಗಳನ್ನು ಎರಡು ದಿನ ನಾನೊಬ್ಬಳೇ ತಿಂದೆ.

ಮೊನ್ನೆ, ಮೇ ಕೊನೆಯಲ್ಲಿ, ನಾನು ಹೊಲದ ಕಡೆಗೆ ನಡೆದು ಹೋದೆ. ಬೇಲಿ ಕಿತ್ತಿದ್ದರು. ಗೇಟು ನೆಲದ ಮೇಲೆ ಮಲಗಿತ್ತು. ಹೆಲ್ವಿಯ ಜಾಗಕ್ಕೆ ಬಂದ ತಾಗೆ ಎಂಬ ಗಡ್ಡದ ಗಂಡಸು ಮೊಣಕಾಲೂರಿ ನೆಲದಿಂದ ಏನನ್ನೋ ಕೀಳುತ್ತಿದ್ದ. ನಾನು ಯಾರೆಂದು ಹೇಳಿದೆ. ಒಳಗೆ ಬಾ, ಈಗ ಯಾರು ಬೇಕಾದರೂ ಬರಬಹುದು ಎಂದ.

ಮರಗಳ ಕಾಂಡಗಳನ್ನೆಲ್ಲ ಆಗಲೇ ಅಗೆದು ಸಾಗಿಸಿದ್ದರು. ಅಗೆದ ಗುಂಡಿಗಳ ಸುತ್ತ, ಹುಲ್ಲಿನ ನಡುವೆ, ಬೆರಳುದ್ದದ ಸಸಿಗಳು ಎದ್ದಿದ್ದವು. ಎಲೆ ಇನ್ನೂ ತಾಮ್ರದ ಬಣ್ಣ.

"ಇವೂ ಅವೇನಾ?" ಎಂದೆ.

"ಅವೇ. ಬೇರಿನಿಂದ ಎದ್ದಿವೆ. ಮೇಲೆ ಸತ್ತರೂ ಆಸ್ಪೆನ್ ಬೇರು ಸುಲಭಕ್ಕೆ ಸಾಯಲ್ಲ. ಹಿಮದಡಿ ಬೆಚ್ಚಗೆ ಇರುತ್ತೆ."

ಅವನು ಇದ್ದದ್ದು ಗೇಟಿನ ಪಕ್ಕ. ನಾನು ಆ ಜಾಗ ನೋಡಿದೆ.

"ಈ ಸಾಲು ಹೋದ ವರ್ಷಾನೇ ಸತ್ತಿತ್ತಲ್ಲ. ಬುಡಸಮೇತ ಅಗೆದಿದ್ದರು."

"ಬೇರು ಪೂರ್ತಿ ಬಂದಿರಲ್ಲ. ಹೋದ ಬೇಸಿಗೇಲೂ ಎದ್ದಿರ್ತವೆ, ಹುಲ್ಲು ಕತ್ತರಿಸೋ ಯಂತ್ರದಲ್ಲಿ ಹೋಗಿರ್ತವೆ. ಯಾರೂ ನೋಡಿರಲ್ಲ."

"ಹಾಗಾದ್ರೆ ಇವು ಬದುಕಿದ್ದವು."

"ಬದುಕಿವೆ. ಅದಕ್ಕೇ ಕೀಳ್ತಿದೀನಿ," ಎಂದ. ಒರಟಾಗಿ ಹೇಳಲಿಲ್ಲ. "ಯೋಜನೆ ಮುಗೀತು, ಅನುಮತಿಯೂ ಮುಗೀತು. ಒಂದೂ ಉಳೀಬಾರ್ದು. ಇನ್ನೂ ಕೆಲವು ಬೇಸಿಗೆ ಬಂದು ನೋಡ್ತಿರಬೇಕು."

ಒಂದನ್ನಾದರೂ ಬಿಡು ಎಂದು ಕೇಳಲು ಬಾಯಿ ತೆರೆದೆ. ಕೇಳಿ ಏನು ಮಾಡಲಿ? ಬಿಟ್ಟರೆ ಅದೂ ಬೆಳೆಯುತ್ತದೆ, ಆಗಸ್ಟಿನಲ್ಲಿ ನಿಲ್ಲದೆ ಬೆಳೆಯುತ್ತದೆ. ತೋರಿಸಬೇಕಾದವಳು ಇಲ್ಲ. ಎಸ್ಕಿಲ್‌ಗೆ ಹೇಳಿದರೆ ಅವನ ಕಣ್ಣು ಮತ್ತೆ ಹೊಳೆಯಬಹುದು, ಅದು ನನಗೆ ಬೇಡ.

ತಾಗೆಯ ಚೀಲ ಗಾಳಿಗೆ ಮಡಚಿಕೊಳ್ಳುತ್ತಿತ್ತು. ಒಂದು ಕೈಯಲ್ಲಿ ಅದರ ಬಾಯಿ ಬಿಡಿಸುತ್ತ ಇನ್ನೊಂದು ಕೈಯಲ್ಲಿ ಕೀಳಲು ಅವನು ಒದ್ದಾಡುತ್ತಿದ್ದ.

"ಸ್ವಲ್ಪ ಹಿಡ್ಕೊಳ್ತೀಯಾ?" ಎಂದ.

ನಾನು ಎರಡೂ ಕೈಯಲ್ಲಿ ಚೀಲದ ಬಾಯಿ ಅಗಲಿಸಿ ಹಿಡಿದೆ. ಅವನು ಸಾಲಿನುದ್ದಕ್ಕೂ ಬಗ್ಗಿ ಕೀಳುತ್ತ, ಬೇರಿನ ಮಣ್ಣು ಕೊಡವಿ, ಒಂದೊಂದಾಗಿ ಒಳಗೆ ಹಾಕುತ್ತ ಹೋದ. ನಾನು ಹಿಡಿದುಕೊಂಡೇ ಅವನ ಹಿಂದೆ ನಡೆದೆ.